ಬೇರು ಗೋಡೆ ದಾಟಿದರೆ ಯಾರದು?

ಕಾಚಿಗುಡ, ಬರ್ಕತ್‌ಪುರ, ನಲ್ಲಕುಂಟದಂಥ ಹಳೆಯ ಬಡಾವಣೆಗಳಲ್ಲಿ ಕಾಂಪೌಂಡ್ ಗೋಡೆಗೆ ಒತ್ತಿಕೊಂಡೇ ಬೇವು, ಮಾವು ಬೆಳೆದಿರುವುದನ್ನು ನೋಡಿರುತ್ತೀರಿ. ಗಿಡ ನೆಟ್ಟಾಗ ಯಾರಿಗೂ ತೊಂದರೆಯಿರಲಿಲ್ಲ. ಮೂವತ್ತು ವರ್ಷದ ಮೇಲೆ ಗೋಡೆ ಬಿರುಕು ಬಿಡುತ್ತದೆ, ಪಕ್ಕದ ಮನೆಯ ಡ್ರೈನೇಜ್ ಪೈಪು ಕಟ್ಟಿಕೊಳ್ಳುತ್ತದೆ, ಕೊನೆಗೆ ಎರಡು ಮನೆಯವರ ನಡುವೆ ಮಾತೇ ನಿಲ್ಲುತ್ತದೆ. ಕಾನೂನು ಏನು ಹೇಳುತ್ತದೆ ಎಂದು ಈ ಸಲ ನೋಡೋಣ, ಕೇಳುಗರೇ.

ಮೊದಲು ಬೇರಿನ ಸ್ವಭಾವ. ಹೈದರಾಬಾದು ಕೂತಿರುವುದು ಗ್ರಾನೈಟ್ ಬಂಡೆಯ ಮೇಲೆ. ಅನೇಕ ಕಡೆ ಸ್ವಲ್ಪ ಅಗೆದರೆ ಗರಸು, ಅದರಡಿ ಕಲ್ಲು. ಕೆಳಗೆ ದಾರಿ ಸಿಗದ ಬೇರು ಅಡ್ಡಕ್ಕೆ ಹರಡುತ್ತದೆ. ಗಟ್ಟಿಯಾದ ಪೈಪನ್ನು ಅದು ಸಾಮಾನ್ಯವಾಗಿ ಒಡೆಯುವುದಿಲ್ಲ. ಜಾಯಿಂಟು ಸಡಿಲವಾಗಿ ನೀರು ಒಸರುವ ಕಡೆ ಎಳೆಯಂತೆ ಒಳಗೆ ಹೊಕ್ಕು, ಅಲ್ಲೇ ದಪ್ಪವಾಗುತ್ತದೆ. ಆದ್ದರಿಂದ ಪಕ್ಕದವರನ್ನು ದೂರುವ ಮುಂಚೆ ನಮ್ಮ ಪೈಪನ್ನೂ ನೋಡಿಕೊಳ್ಳಬೇಕು. ಅರಳಿ, ಆಲದ ಕಥೆ ಬೇರೆ. ಹಕ್ಕಿ ಹಿಕ್ಕೆಯಿಂದ ಗೋಡೆಯ ಸಂದಿನಲ್ಲೇ ಮೊಳೆತು ಗೋಡೆಯನ್ನೇ ಸೀಳುತ್ತವೆ. ದೇವರ ಮರವೆಂದು ಕೀಳಲು ಹೆದರುವವರು ಬೆರಳುದ್ದ ಇದ್ದಾಗಲೇ ಬೇರು ಸಮೇತ ತೆಗೆದು ಬೇರೆಡೆ ನೆಡಬಹುದು.

ಕಾಂಡ ಯಾರ ನೆಲದಲ್ಲಿದೆಯೋ ಮರ ಅವರದು. ಆದರೆ ಗಡಿ ದಾಟಿ ಬಂದ ಕೊಂಬೆ, ಬೇರುಗಳನ್ನು ಪಕ್ಕದವರು ತಮ್ಮ ನೆಲದಲ್ಲೇ ನಿಂತು, ಗಡಿಯವರೆಗೆ ಮಾತ್ರ ಕಡಿಯಬಹುದು. ಇಂಗ್ಲೆಂಡಿನ ಹಳೆಯ ತೀರ್ಪುಗಳಿಂದ ಬಂದ ಈ ತತ್ವವನ್ನು ನಮ್ಮ ನ್ಯಾಯಾಲಯಗಳೂ ಒಪ್ಪಿವೆ. ಕಡಿದ ಕೊಂಬೆಯಲ್ಲಿ ಮಾವಿನಕಾಯಿ ಇದ್ದರೆ ಅದೂ ಮರದವರದೇ. ಉಪ್ಪಿನಕಾಯಿ ಹಾಕುವ ಮುಂಚೆ ಒಂದು ಮಾತು ಕೇಳಿಬಿಡಿ!

ಇಲ್ಲೇ ಅನೇಕರು ಎಡವುವುದು. ಕಾಂಡದ ಹತ್ತಿರದ ದಪ್ಪ ಬೇರೇ ಮರಕ್ಕೆ ಆಧಾರ. ಅದನ್ನು ಕಡಿದುಬಿಟ್ಟರೆ ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಮರ ಯಾರ ಮನೆ ಮೇಲೆ ಬೀಳುತ್ತದೋ ಹೇಳಲಾಗದು. ನಷ್ಟದ ಹೊಣೆ ಬೇರು ಕಡಿದವರ ತಲೆಗೇ ಬರಬಹುದು. ಇಡೀ ಮರ ತೆಗೆಯಬೇಕಾದರೆ, ಅದು ನಿಮ್ಮದೇ ಆದರೂ, 2002ರ ವಾಲ್ಟಾ ಕಾಯ್ದೆಯಂತೆ ಸಾಮಾನ್ಯವಾಗಿ ಮೊದಲೇ ಅನುಮತಿ ಪಡೆಯಬೇಕು. ಅವಿಭಜಿತ ಆಂಧ್ರಪ್ರದೇಶದಲ್ಲಿ ಬಂದ ಈ ಕಾಯ್ದೆ ತೆಲಂಗಾಣದಲ್ಲೂ ಮುಂದುವರಿದಿದೆ. ಮರ ಈಗಲೋ ಆಗಲೋ ಬೀಳುವಂತಿದ್ದರೆ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಹಿಂದೆ ಸಿಆರ್‌ಪಿಸಿ 133ನೇ ಕಲಮಿನಲ್ಲಿದ್ದ ಈ ಅಧಿಕಾರ 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿದೆ.

ಇನ್ನು ಗಡಿ ಯಾವುದು? ಗೋಡೆಯೇ ಗಡಿ ಎಂದುಕೊಳ್ಳಬೇಡಿ. ಕ್ರಯಪತ್ರದಲ್ಲಿ ಚೆಕ್ಕುಬಂದಿ, ಅಳತೆ ಎರಡೂ ಇರುತ್ತವೆ. ಇಲ್ಲಿನ ಲೆಕ್ಕ ಚದರ ಗಜದಲ್ಲಿ. ಒಂದು ಚದರ ಗಜಕ್ಕೆ ಒಂಬತ್ತು ಚದರ ಅಡಿ. ಚದರ ಅಡಿಯ ಲೆಕ್ಕಕ್ಕೆ ಒಗ್ಗಿದ ನಮ್ಮವರು ಇಲ್ಲಿ ತಪ್ಪುವುದುಂಟು. ನಿಜಾಮರ ಕಾಲದ ಪತ್ರ ಉರ್ದುವಿನಲ್ಲಿದ್ದರೆ ಬಲ್ಲವರಿಂದ ಓದಿಸಿ. ಒಮ್ಮತವಾಗದಿದ್ದರೆ ಸರ್ವೆಗೆ ಮೀಸೇವಾದಲ್ಲಿ ಅರ್ಜಿ ಹಾಕಬಹುದು. ಪಕ್ಕದವರು ನಿಮ್ಮ ಜಾಗದೊಳಗೆ ಗೋಡೆ ಕಟ್ಟಿದ್ದರೆ ತಡಮಾಡಬೇಡಿ. ತಮ್ಮದೇ ಎಂದು ಬಹಿರಂಗವಾಗಿ 12 ವರ್ಷ ಅನುಭವಿಸಿದರೆ, 1963ರ ಕಾಲಮಿತಿ ಕಾಯ್ದೆಯಂತೆ ಅದನ್ನು ಕೇಳುವ ಹಕ್ಕೇ ನಿಮಗೆ ಹೋಗಬಹುದು.

ಮಾತುಕತೆ ಫಲಿಸದಿದ್ದರೆ ದಾವೆ ಹೂಡುವ ಮುಂಚೆಯೇ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್ತಿಗೆ ಹೋಗಬಹುದು. ಕೋರ್ಟ್ ಶುಲ್ಕವಿಲ್ಲ. ಇಬ್ಬರೂ ಒಪ್ಪಿದ ರಾಜಿಗೆ ಡಿಕ್ರಿಯ ಬೆಲೆಯಿದೆ, ಮೇಲ್ಮನವಿ ಇಲ್ಲ. ಹೋಗುವಾಗ ಕ್ರಯಪತ್ರದ ನಕಲು, ಬಿರುಕಿನ ಫೋಟೋ, ಪೈಪು ರಿಪೇರಿಯ ರಸೀದಿ ಜೊತೆಗಿರಲಿ.