ಜಾಮ್ ಆಟಕ್ಕೆ ಬಂದ ಟೀಕೆಯನ್ನು ಓದುವುದು ಹೇಗೆ?

2013ರ ಏಪ್ರಿಲ್‌ನಲ್ಲಿ ‘ಲುಡಮ್ ಡೇರ್’ ಎಂಬ ಗೇಮ್ ಜಾಮ್‌ಗಾಗಿ ನ್ಯೂಜಿಲೆಂಡಿನ ಪೀಟರ್ ಮತ್ತು ರಾಬರ್ಟ್ ಕರಿ ಸಹೋದರರು ‘ಮೈಂಡ್ ದ ಗ್ಯಾಪ್’ ಎಂಬ ಪುಟ್ಟ ಸ್ಟ್ರಾಟಜಿ ಆಟ ಮಾಡಿದರು. ಗೆರೆ ಎಳೆದು ನಿಲ್ದಾಣಗಳನ್ನು ಜೋಡಿಸಬೇಕು, ರೈಲು ಓಡಿಸಬೇಕು, ಅಷ್ಟೇ. ಅದೇ ಬೆಳೆದು 2015ರಲ್ಲಿ ‘ಮಿನಿ ಮೆಟ್ರೊ’ ಆಯಿತು. ಜಾಮ್ ಆಟಗಳಲ್ಲಿ ಹೆಚ್ಚಿನವು ಹೀಗೆ ಬೆಳೆಯುವುದಿಲ್ಲ. ಬೆಳೆಸಬೇಕೆಂದಿದ್ದರೆ ಆಡಿದವರ ಮಾತಿಗೆ ಅರ್ಥ ಹಚ್ಚಲು ಬರಬೇಕು.

ಜಾಮ್‌ನಲ್ಲಿ ಎರಡು ಮೂರು ದಿನದಲ್ಲಿ ಆಟ ಮುಗಿಸಿ, ಆಮೇಲೆ ಸ್ಪರ್ಧಿಗಳೇ ಒಬ್ಬರ ಆಟ ಒಬ್ಬರು ಆಡಿ ಅಂಕ ಕೊಡುತ್ತಾರೆ. ಅವರ ಮುಂದೆ ನೂರಾರು ಆಟಗಳಿರುತ್ತವೆ. ನಿಮ್ಮದಕ್ಕೆ ಸಿಗುವುದು ಕೆಲವೇ ನಿಮಿಷ. ಓಡುವ, ಜಿಗಿಯುವ ಆಟಕ್ಕೆ ಅಷ್ಟು ಸಾಕು. ಸ್ಟ್ರಾಟಜಿ ಆಟದ ರುಚಿ ಹತ್ತುವುದೇ ಎರಡನೇ ಸುತ್ತಿನಲ್ಲಿ, ಅಲ್ಲಿಯವರೆಗೆ ಯಾರೂ ಕೂರುವುದಿಲ್ಲ. ಅಳಿಗುಳಿಮಣೆಯಾದರೆ ನಿಯಮ ಹೇಳಿಕೊಡಲು ಪಕ್ಕದಲ್ಲಿ ಅಜ್ಜಿ ಇರುತ್ತಾಳೆ. ಇಲ್ಲಿ ಪರದೆ ಬಿಟ್ಟರೆ ಯಾರೂ ಇಲ್ಲ. ಪರದೆಯ ಮೇಲೆ ಪುಟಗಟ್ಟಲೆ ಸೂಚನೆ ಬರೆದರೆ ಓದುವವರೂ ಇಲ್ಲ!

ಹಾಗಾಗಿ ಬರುವ ಟೀಕೆ ಚುಟುಕಾಗಿರುತ್ತದೆ. ‘ತುಂಬಾ ಕಷ್ಟ’ ಎಂದರೆ ಬಹಳ ಸಲ ಶತ್ರುಗಳ ಬಲ ಹೆಚ್ಚಾಯಿತೆಂದಲ್ಲ. ತಾನು ಯಾಕೆ ಸೋತೆ ಎಂಬುದು ಆಡಿದವನಿಗೆ ಕಾಣಲಿಲ್ಲವೆಂದು. ಆಗ ಶತ್ರುಗಳನ್ನು ಕಡಿಮೆ ಮಾಡಿದರೆ ಆಟ ಸಪ್ಪೆಯಾಗುತ್ತದೆ, ದೂರು ಮಾತ್ರ ಹಾಗೇ ಇರುತ್ತದೆ. ಮಿನಿ ಮೆಟ್ರೊದಲ್ಲಿ ಜನ ತುಂಬಿ ತುಳುಕುವ ನಿಲ್ದಾಣದ ಸುತ್ತ ಒಂದು ವೃತ್ತ ನಿಧಾನವಾಗಿ ತುಂಬುತ್ತ ಹೋಗುತ್ತದೆ. ಅದು ಪೂರ್ತಿಯಾದರೆ ಆಟ ಮುಗಿಯಿತು. ಎಲ್ಲಿ, ಯಾವುದರಿಂದ ಸೋತೆ ಎಂದು ಯಾರೂ ಕೇಳಬೇಕಿಲ್ಲ.

‘ಬೋರು’ ಎಂದವರನ್ನು ಹೇಗೆ ಗೆದ್ದಿರೆಂದು ಕೇಳಿ. ಗೋಪುರ ಕಟ್ಟಿ ಶತ್ರುಗಳನ್ನು ತಡೆಯುವ ಆಟದಲ್ಲಿ ಒಂದೇ ಬಗೆಯದನ್ನು ಸಾಲಾಗಿ ಕಟ್ಟಿಯೇ ಗೆಲ್ಲಬಹುದಾದರೆ ಉಳಿದ ನಾಲ್ಕು ಬಗೆ ಇದ್ದೂ ಇಲ್ಲದಂತೆ. ಆರನೆಯದೊಂದನ್ನು ಸೇರಿಸಿ ಉಪಯೋಗವಿಲ್ಲ, ಮೊದಲನೆಯದರ ಬೆಲೆ ಏರಿಸಬೇಕು. ‘ಮಲ್ಟಿಪ್ಲೇಯರ್ ಬೇಕು’, ‘ಇನ್ನೂ ಹತ್ತು ಲೆವೆಲ್ ಬೇಕು’ ಎಂಬ ಸಲಹೆಗಳನ್ನು ನಾನಾದರೆ ಪಕ್ಕಕ್ಕಿಡುತ್ತೇನೆ. ಆಡುವವರು ತೊಂದರೆ ಎಲ್ಲಿದೆಯೆಂದು ತೋರಿಸುವುದರಲ್ಲಿ ತಪ್ಪುವುದು ಅಪರೂಪ, ಪರಿಹಾರ ಹೇಳುವುದರಲ್ಲಿ ಅಷ್ಟು ನಂಬಲಾಗದು.

ಮಾತಿಗಿಂತ ನಂಬಿಕೆಯ ಸಾಕ್ಷಿ ಕೈ. ಗೆಳೆಯರೊಬ್ಬರನ್ನು ಕೂರಿಸಿ, ಹಿಂದೆ ನಿಂತು ಬಾಯಿ ಮುಚ್ಚಿಕೊಂಡು ನೋಡಿ. ಮೌಸ್ ಎಲ್ಲಿ ತಡವರಿಸಿತು, ಯಾವ ಬಟನ್ ಅವರ ಕಣ್ಣಿಗೇ ಬೀಳಲಿಲ್ಲ ಎಂಬುದನ್ನು ಬರೆದುಕೊಳ್ಳಿ. ವಿವರಿಸಲು ನಾಲಿಗೆ ತುರಿಸುವ ಪ್ರತಿ ಜಾಗವೂ ತಿದ್ದಬೇಕಾದ ಜಾಗ.

ಇನ್ನು ಅಂಕದ ಲೆಕ್ಕ. ಲುಡಮ್ ಡೇರ್‌ನಲ್ಲಿ ಸುಮಾರು 20 ಜನರಾದರೂ ಅಂಕ ಕೊಡದಿದ್ದರೆ ಸ್ಥಾನವೇ ಸಿಗದು. ಇಚ್ ಡಾಟ್ ಐಓ ಜಾಲತಾಣದ ಜಾಮ್‌ಗಳಲ್ಲಿ ಕಡಿಮೆ ಮತ ಬಿದ್ದ ಆಟದ ಸರಾಸರಿಯನ್ನು ಇಳಿಸುವ ಸೂತ್ರವೊಂದಿದೆ. ಎಲ್ಲ ಆಟಗಳ ಮತಸಂಖ್ಯೆಯ ಮಧ್ಯಾಂಕ 16 ಇದ್ದು, ನಿಮಗೆ 9 ಮತ ಬಂದಿದ್ದರೆ 9/16ರ ವರ್ಗಮೂಲದಿಂದ, ಅಂದರೆ 0.75ರಿಂದ ಗುಣಿಸುತ್ತಾರೆ. 4 ಅಂಕದ ಆಟ 3ಕ್ಕೆ ಇಳಿಯುತ್ತದೆ. ಆದ್ದರಿಂದ ಆಟ ಸಲ್ಲಿಸಿದ ಮೇಲೆ ಮಲಗಿಬಿಡಬೇಡಿ. ಬೇರೆಯವರ ಆಟಗಳನ್ನು ಆಡಿ, ಎಲ್ಲಿ ಸಿಕ್ಕಿಕೊಂಡಿರೆಂದು ಬಿಡಿಸಿ ಬರೆಯಿರಿ. ಅವರಲ್ಲಿ ಹಲವರು ನಿಮ್ಮ ಆಟ ಹುಡುಕಿಕೊಂಡು ಬರುತ್ತಾರೆ.