ತುಕ್ಕಿಗೂ ಗುಜರಿಗೂ ನಡುವೆ ಒಂದು ಡಬ್ಬಿ ಬಣ್ಣ

ಸಂಡೂರಿನ ಕಣಿವೆಯಿಂದ ಹೊಸಪೇಟೆಯತ್ತ ಪ್ರಯಾಣಿಸುವವರಿಗೆ ಈ ಸೀಮೆಯ ಮಣ್ಣಿನ ಬಣ್ಣವನ್ನು ಯಾರೂ ಪರಿಚಯಿಸಬೇಕಾಗಿಲ್ಲ. ಬೇಲಿಯ ಎಲೆ, ಗುಡಿಯ ಕಟ್ಟೆ, ಲಾರಿಯ ಟಾರ್ಪಾಲು ಎಲ್ಲದರ ಮೇಲೂ ಅದೇ ಕೆಂಪು. ಅದು ಹೆಮಟೈಟ್, ಅಂದರೆ ಕಬ್ಬಿಣವೂ ಆಮ್ಲಜನಕವೂ ಕೂಡಿ ಆದ ಆಕ್ಸೈಡು. ಹಾರ್ಡ್‌ವೇರ್ ಅಂಗಡಿಗಳಲ್ಲಿ ‘ರೆಡ್ ಆಕ್ಸೈಡ್’ ಎಂಬ ಹೆಸರಿನಿಂದ ಮಾರಾಟವಾಗುವ ಪ್ರೈಮರಿಗೆ ಕೆಂಪು ಬರುವುದೂ ಇದೇ ವಸ್ತುವಿನಿಂದ. ಅಟ್ಟದ ಮೇಲಿನ ಹಳೆಯ ಟ್ರಂಕಿನ ಮೂಲೆಯನ್ನು ಸದ್ದಿಲ್ಲದೆ ತಿನ್ನುತ್ತಿರುವ ತುಕ್ಕು ಇದರದೇ ದಾಯಾದಿ. ಗಣಿಯಿಂದ ತೆಗೆದು, ಕುಲುಮೆಯಲ್ಲಿ ಕರಗಿಸಿ, ತಗಡಾಗಿಸಿ, ಪೆಟ್ಟಿಗೆಯಾಗಿಸಿದ ಕಬ್ಬಿಣವು ಗಾಳಿ ಮತ್ತು ತೇವ ಸೋಕಿದೊಡನೆ ಮರಳಿ ಮಣ್ಣಾಗಲು ಹವಣಿಸುತ್ತದೆ. ಅದನ್ನು ತಡೆದು ನಿಲ್ಲಿಸಿರುವುದು ಉಗುರಿಗಿಂತಲೂ ತೆಳುವಾದ ಒಂದು ಬಣ್ಣದ ಪದರ.

ಹಳೆಯ ಕುರ್ಚಿ, ಸ್ಟೂಲು, ಟ್ರಂಕು, ಹೂಕುಂಡ, ಕಿಟಕಿಯ ಸರಳುಗಳಿಗೆ ಬಣ್ಣ ಬಳಿದು ಹೊಸ ಕಳೆ ತರುವುದನ್ನು ನಾವು ಸಾಮಾನ್ಯವಾಗಿ ರಜೆಯ ದಿನದ ಹವ್ಯಾಸವೆಂದೋ ನಿವೃತ್ತರ ಕಾಲಹರಣವೆಂದೋ ತಿಳಿಯುತ್ತೇವೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದು, ಬಳಿಕ ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿ ಕಳೆದ ನನಗೆ ಅದು ಬೇರೆಯೇ ಆಗಿ ಕಾಣುತ್ತದೆ. ಒಂದು ವಸ್ತುವನ್ನು ಇಟ್ಟುಕೊಳ್ಳಬೇಕೆ, ಬಿಸಾಡಬೇಕೆ ಎಂಬ ನಿರ್ಧಾರವು ಎಷ್ಟೋ ಸಲ ಅದರ ಬಲವನ್ನು ನೋಡಿ ಆಗುವುದಿಲ್ಲ. ಅದರ ಮುಖವನ್ನು ನೋಡಿ ಆಗುತ್ತದೆ. ಆದ್ದರಿಂದಲೇ ಬಣ್ಣವು ಸೌಂದರ್ಯದ ಪ್ರಶ್ನೆಯಾಗಿರುವಷ್ಟೇ ಲೆಕ್ಕಪತ್ರದ ಪ್ರಶ್ನೆಯೂ ಹೌದು.

ಸರ್ಕಾರಿ ಕಚೇರಿಗಳಲ್ಲಿ ‘ಡೆಡ್ ಸ್ಟಾಕ್ ರಿಜಿಸ್ಟರ್’ ಎಂಬುದೊಂದಿರುತ್ತದೆ. ಮೇಜು, ಕುರ್ಚಿ, ಬೀರುಗಳೆಲ್ಲ ಅದರೊಳಗೆ ನಮೂದಾಗುತ್ತವೆ. ನಿರುಪಯುಕ್ತವೆಂದು ಪ್ರಮಾಣೀಕರಿಸಿದ ಮೇಲೆ ಅವು ಹರಾಜಿಗೆ ಹೋಗುತ್ತವೆ. ನಾನು ಸೇವೆಯಲ್ಲಿದ್ದಾಗ ಒಂದು ಕಚೇರಿಯ ಹಿತ್ತಲಿನಲ್ಲಿ ಅಂಥ ಹರಾಜನ್ನು ನೋಡಿದ್ದೆ. ರಾಶಿ ಹಾಕಿದ್ದ ಕಬ್ಬಿಣದ ಕುರ್ಚಿಗಳಲ್ಲಿ ಬಹುಪಾಲಿಗೆ ಇದ್ದ ದೋಷವೆಂದರೆ ಬಣ್ಣ ಕಳಚಿದ್ದು ಮತ್ತು ಹೆಣಿಗೆ ಹರಿದಿದ್ದು, ಅಷ್ಟೇ. ಕಾಲುಗಳು ಗಟ್ಟಿಯಾಗಿದ್ದವು, ಬೆಸುಗೆ ಬಿಟ್ಟಿರಲಿಲ್ಲ. ಗುಜರಿಯವರು ಅವನ್ನು ತೂಕದ ಲೆಕ್ಕದಲ್ಲಿ ಕೊಂಡರು. ಕೆಲವು ತಿಂಗಳ ನಂತರ ಅದೇ ಊರಿನ ಒಂದು ಶಿಶುವಿಹಾರದಲ್ಲಿ ಅದೇ ನಮೂನೆಯ ಕುರ್ಚಿಗಳನ್ನು ಕಂಡೆ. ಕಾಲುಗಳನ್ನು ಮಕ್ಕಳ ಎತ್ತರಕ್ಕೆ ಕತ್ತರಿಸಿ, ಒಂದಕ್ಕೆ ಹಳದಿ, ಒಂದಕ್ಕೆ ಹಸಿರು, ಮತ್ತೊಂದಕ್ಕೆ ನೀಲಿ ಬಳಿದಿದ್ದರು. ಸರ್ಕಾರ ಸತ್ತವೆಂದು ಬರೆದಿಟ್ಟ ವಸ್ತುಗಳ ಮೇಲೆ ಮಕ್ಕಳು ಕುಳಿತು ಅಕ್ಷರ ತಿದ್ದುತ್ತಿದ್ದರು. ಕಚೇರಿಗೆ ಹೊಸ ಕುರ್ಚಿ ಕೊಳ್ಳಲು ಅನುದಾನವಿತ್ತು. ಹಳೆಯದಕ್ಕೆ ಬಣ್ಣ ಹಚ್ಚಿಸಲು ಇರಲಿಲ್ಲ. ಇದು ಯಾರೋ ಒಬ್ಬ ಅಧಿಕಾರಿಯ ಲೋಪವಲ್ಲ, ನಮ್ಮ ಲೆಕ್ಕ ಹಾಕುವ ಪದ್ಧತಿಯದೇ ಲೋಪ.

ರಾಷ್ಟ್ರೀಯ ಉತ್ಪನ್ನದ ಲೆಕ್ಕದಲ್ಲಿ ಹೊಸ ಕುರ್ಚಿಯ ಬೆಲೆ ಪೂರ್ತಿಯಾಗಿ ಸೇರುತ್ತದೆ. ಹಳೆಯ ಕುರ್ಚಿಗೆ ಮನೆಯವರೇ ಬಣ್ಣ ಬಳಿದರೆ ಡಬ್ಬಿಯ ಬೆಲೆ, ಕುಂಚದ ಬೆಲೆ ಮಾತ್ರ ಸೇರುತ್ತದೆ. ಕೈಯ ದುಡಿಮೆಗೆ ಲೆಕ್ಕವಿಲ್ಲ, ಕುರ್ಚಿಗೆ ಸಿಕ್ಕ ಹತ್ತು ವರ್ಷದ ಹೆಚ್ಚುವರಿ ಆಯುಸ್ಸಿಗಂತೂ ಅಂಕಣವೇ ಇಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಬೋಲ್ಡಿಂಗ್ 1966ರಲ್ಲಿ ಬರೆದ ಪ್ರಸಿದ್ಧ ಪ್ರಬಂಧವೊಂದರಲ್ಲಿ, ಎಷ್ಟು ಉತ್ಪಾದಿಸಿ ಎಷ್ಟು ಬಳಸಿ ಮುಗಿಸಿದೆವು ಎಂಬುದು ಆರ್ಥಿಕ ಯಶಸ್ಸಿನ ಅಳತೆಗೋಲಲ್ಲ, ನಮ್ಮ ಬಳಿ ಇರುವ ಸಂಗ್ರಹವನ್ನು ಎಷ್ಟು ಚೆನ್ನಾಗಿ ಕಾಪಾಡಿಕೊಂಡೆವು ಎಂಬುದೇ ಅಳತೆಗೋಲು ಎಂದು ವಾದಿಸಿದ. ಅದಕ್ಕೂ ಎರಡು ದಶಕ ಮೊದಲೇ, 1945ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಗಾಂಧೀವಾದಿ ಜೆ.ಸಿ. ಕುಮಾರಪ್ಪನವರು ಶಾಶ್ವತತೆಯ ಅರ್ಥವ್ಯವಸ್ಥೆಯನ್ನು ಪ್ರತಿಪಾದಿಸಿದ್ದರು. ನಮ್ಮ ಅಜ್ಜಿಯರು ಇಂಥ ಗ್ರಂಥಗಳನ್ನು ಓದಿರಲಿಲ್ಲ. ಆದರೂ ವರ್ಷಕ್ಕೊಮ್ಮೆ ಗೋಡೆಗೆ ಸುಣ್ಣ, ಅಂಚಿಗೆ ಕೆಮ್ಮಣ್ಣು, ಮೊರಕ್ಕೆ ಸಗಣಿ ಮತ್ತು ಮೆಂತ್ಯದ ಲೇಪ ಕಾಣಿಸದೆ ಅವರು ಹಬ್ಬ ಮಾಡುತ್ತಿರಲಿಲ್ಲ.

ಈ ಲೆಕ್ಕದ ಇನ್ನೊಂದು ಬದಿಯನ್ನು ಸಂಡೂರು ಸೀಮೆಗಿಂತ ಚೆನ್ನಾಗಿ ಬಲ್ಲವರಿಲ್ಲ. ಒಂದು ಟನ್ ಹೊಸ ಉಕ್ಕಿಗೆ ಸುಮಾರು ಒಂದೂವರೆ ಟನ್ನಿಗೂ ಹೆಚ್ಚು ಅದಿರು ಬೇಕು. ಜಾಗತಿಕ ಸರಾಸರಿಯಂತೆ ಎರಡು ಟನ್ನಿನ ಆಸುಪಾಸು ಕಾರ್ಬನ್ ಡೈಆಕ್ಸೈಡ್ ಆಕಾಶಕ್ಕೆ ಸೇರುತ್ತದೆ. ಬೆಟ್ಟಗಳು ಯಾವ ವೇಗದಲ್ಲಿ ಕರಗಿದವು ಎಂಬುದನ್ನು ಕಂಡೇ 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಬೇಕಾಯಿತು. ಒಂದು ಟ್ರಂಕಿಗೆ ಬಣ್ಣ ಬಳಿದರೆ ಬೆಟ್ಟ ಉಳಿಯುತ್ತದೆ ಎಂದು ಹೇಳುವಷ್ಟು ಮುಗ್ಧ ನಾನಲ್ಲ. ಆದರೆ ಅದಿರು ಬೆಟ್ಟದಿಂದ ಬರುತ್ತದೆ ಎಂಬುದನ್ನು ಕಣ್ಣಾರೆ ಕಂಡ ಊರಿನವರು ಕಬ್ಬಿಣವನ್ನು ತುಕ್ಕಿಗೆ ಬಿಟ್ಟುಕೊಡುವ ಮುನ್ನ ಎರಡು ಸಲ ಯೋಚಿಸಬೇಕು ಎಂಬುದಷ್ಟೇ ನನ್ನ ನಿವೇದನೆ.

ಇದು ಈ ನೆಲಕ್ಕೆ ಹೊಸ ಪಾಠವೂ ಅಲ್ಲ. ಹಂಪಿ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಬೋಳು ಕಲ್ಲಿನ ಬೂದು ಬಣ್ಣ. ವಿಜಯನಗರದ ಕಾಲದವರು ಕಂಡ ಹಂಪಿ ಅದಲ್ಲ. ವಿಜಯ ವಿಠ್ಠಲ ದೇವಾಲಯದ ಕಲ್ಲಿನ ರಥದ ಮರೆಯ ಭಾಗಗಳಲ್ಲಿ ಬಣ್ಣದ ಕುರುಹುಗಳು ಉಳಿದಿವೆ. ವಿರೂಪಾಕ್ಷ ದೇವಾಲಯದಲ್ಲಿ ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ನೆನಪಿಗೆ 1510ರ ಸುಮಾರಿಗೆ ಕಟ್ಟಿಸಿದ ರಂಗಮಂಟಪದ ಛತ್ತಿನ ಮೇಲೆ ಗಿರಿಜಾ ಕಲ್ಯಾಣ, ತ್ರಿಪುರ ಸಂಹಾರ, ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆಯ ಚಿತ್ರಗಳಿವೆ. ನಾವಿಂದು ನೋಡುವ ಚಿತ್ರಗಳು ಮಂಟಪಕ್ಕಿಂತ ಎಷ್ಟೋ ಈಚಿನವು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಅಂದರೆ ಸಾಮ್ರಾಜ್ಯ ಅಳಿದ ಮೇಲೂ ಯಾರೋ ಏಣಿ ಹತ್ತಿ, ಕುಂಚ ಹಿಡಿದು, ಆ ಛತ್ತಿಗೆ ಜೀವ ತುಂಬಿದ್ದಾರೆ.

ಲೇಪವೇ ವಸ್ತುವಿನ ಆಯುಸ್ಸು ಎಂಬುದಕ್ಕೆ ತುಂಗಭದ್ರೆಯ ಮೇಲೂ ಸಾಕ್ಷಿ ಇದೆ. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನ ಹೊಳೆ ದಾಟುತ್ತಿದ್ದುದನ್ನು ದಾಖಲಿಸಿದ್ದಾನೆ. ಅದೇ ಹರಿಗೋಲು ಇಂದಿಗೂ ಇದೆ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ. ಬಿದಿರಿನ ಬುಟ್ಟಿಯನ್ನು ದೋಣಿಯಾಗಿಸುವುದು ಆ ಹೊರಲೇಪವೇ.

ಹೊಳೆಯಾಚೆ ಕೊಪ್ಪಳದ ಸಮೀಪದ ಕಿನ್ನಾಳಕ್ಕೆ ಹೋದರೆ ಬಣ್ಣದ ಈ ವಿದ್ಯೆ ಅದರ ಪರಾಕಾಷ್ಠೆಯಲ್ಲಿ ಕಾಣಸಿಗುತ್ತದೆ. ಹಂಪಿಯ ವಿರೂಪಾಕ್ಷ ದೇವಾಲಯದ ಚಿತ್ರಗಳೂ ಮರದ ತೇರಿನ ಕುಸುರಿಯೂ ತಮ್ಮ ಪೂರ್ವಿಕರ ಕೈಕೆಲಸವೆಂದು ಅಲ್ಲಿನ ಚಿತ್ರಗಾರ ಮನೆತನಗಳ ನಂಬಿಕೆ. ಅವರ ಕಚ್ಚಾ ಸಾಮಗ್ರಿಯ ಪಟ್ಟಿಯನ್ನು ನೋಡಿ: ಹಗುರವಾದ ಮರ, ಹುಣಿಸೆ ಬೀಜ, ಬೆಣಚುಕಲ್ಲಿನ ಪುಡಿ, ಸೆಣಬಿನ ಹರಕು. ಆ ಹರಕನ್ನು ನೆನೆಸಿ, ಸೀಳಿ, ಒಣಗಿಸಿ, ಪುಡಿ ಮಾಡಿ ಹುಣಿಸೆ ಬೀಜದ ಅಂಟಿನೊಡನೆ ಬೆರೆಸಿದರೆ ‘ಕಿಟ್ಟ’ ಎಂಬ ಮೆದ್ದೆಯಾಗುತ್ತದೆ. ಅದನ್ನು ಮರದ ಬೊಂಬೆಗೆ ಕೈಯಿಂದಲೇ ಮೆತ್ತಿ, ಮೇಲೆ ಹತ್ತಿಬಟ್ಟೆಯ ತುಂಡುಗಳನ್ನು ಅಂಟಿಸಿ, ಕಲ್ಲುಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ಬೀದಿಯಲ್ಲಿ ಬಿದ್ದಿದ್ದರೆ ಯಾರೂ ಬಗ್ಗಿ ಎತ್ತಿಕೊಳ್ಳದ ಹರಕು, ಬೀಜಗಳಿಂದ ಗೌರಿ, ಗಣಪ, ಗರುಡ ಹುಟ್ಟುತ್ತಾರೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಈ ಕಲೆಯನ್ನು ನಾವು ಪ್ರದರ್ಶನಗಳಲ್ಲಿ ಹೊಗಳುತ್ತೇವೆ. ಅದು ಹೇಳುವ ಪಾಠವನ್ನು ಮಾತ್ರ ಮನೆಗೆ ತರುವುದಿಲ್ಲ.

ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳು ಕುಂಚದ ಬದಲು ಸೂಜಿಯಿಂದ ಮಾಡುತ್ತಿರುವುದೂ ಇದನ್ನೇ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಸಭೆಯ ಸಂದರ್ಭದಲ್ಲಿ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಕುಶಲಕರ್ಮಿಗಳು ತಯಾರಿಸಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ತುಂಡು ಬಟ್ಟೆಗೆ ತುಂಡು ಬಟ್ಟೆ ಜೋಡಿಸಿ, ಕನ್ನಡಿ, ಕವಡೆ, ಬಣ್ಣದ ದಾರಗಳಿಂದ ಮೆರುಗು ಕೊಡುವ ಆ ಕೈಗಳಿಗೆ ‘ಮರುಬಳಕೆ’ ಎಂಬ ಪದವನ್ನು ಯಾವ ಕಾರ್ಯಾಗಾರವೂ ಕಲಿಸಬೇಕಾಗಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಬಣ್ಣದ ಅಪಾಯವನ್ನು ಹೇಳದೆ ಬಿಡುವುದು ತರವಲ್ಲ. ಹೊಳೆಯುವ ಹಳದಿ, ಕೆಂಪು, ಕಿತ್ತಳೆ ಬಣ್ಣಗಳಲ್ಲಿ ಬಹುಕಾಲ ಸೀಸದ ಸಂಯುಕ್ತಗಳನ್ನು ಬಳಸಲಾಗುತ್ತಿತ್ತು. ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುವ ಈ ಲೋಹಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಿದೆ. ನಮ್ಮ ದೇಶದಲ್ಲಿ 2016ರ ನಿಯಮಗಳು ಮನೆಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂದು ವಿಧಿಸಿದವು. ಅವು ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೂ ಮೊದಲಿನ ತೊಟ್ಟಿಲು, ಮಂಚ, ಕಿಟಕಿ, ಗೇಟುಗಳ ಮೇಲೆ ಏನಿದೆ ಎಂದು ಬರಿಗಣ್ಣಿಗೆ ತಿಳಿಯದು. ಅಜ್ಜನ ಕಾಲದ ತೊಟ್ಟಿಲನ್ನು ಮೊಮ್ಮಗುವಿಗಾಗಿ ಅಟ್ಟದಿಂದ ಇಳಿಸಿ, ಒಣ ಉಪ್ಪುಕಾಗದದಿಂದ ಉಜ್ಜಿ, ದೂಳೆಬ್ಬಿಸುವುದು ಪ್ರೀತಿಯಿಂದಲೇ ವಿಷ ಹರಡಿದಂತಾದೀತು. ಉಜ್ಜುವುದಾದರೆ ನೀರು ಹಾಕಿ ಉಜ್ಜಬೇಕು, ಬಾಯಿ ಮೂಗಿಗೆ ಸರಿಯಾದ ಮುಖಗವಸು ಇರಬೇಕು, ಮಕ್ಕಳೂ ಗರ್ಭಿಣಿಯರೂ ಆ ಕಡೆ ಸುಳಿಯಬಾರದು, ಎದ್ದ ರಾಡಿಯನ್ನು ಹೂದೋಟಕ್ಕೆ ಚೆಲ್ಲಬಾರದು. ಗ್ಯಾರೇಜಿನಲ್ಲಿ ಉಳಿದ ವಾಹನದ ಬಣ್ಣವನ್ನು ಆಟಿಕೆಗೆ ಬಳಿಯುವ ಉಳಿತಾಯವೂ ಬೇಡ. ಆ ನಿಯಮಗಳು ಬರೆದದ್ದು ಮನೆಬಳಕೆಯ ಬಣ್ಣಗಳಿಗಾಗಿ. ಸೀಸದ ಮಿತಿಯ ಬಗ್ಗೆ ಡಬ್ಬಿಯ ಮೇಲೆ ಬರೆದಿದೆಯೇ ಎಂದು ನೋಡಿ ಕೊಳ್ಳುವುದೇ ಕ್ಷೇಮ. ಮಗು ಹಲ್ಲು ಹಚ್ಚಿ ಕಚ್ಚುವ ವಸ್ತುವಿನ ಹಳೆಯ ಬಣ್ಣದ ಬಗ್ಗೆ ಅನುಮಾನವಿದ್ದರೆ ಅದನ್ನು ಬಳಸದಿರುವುದೇ ಮೇಲು.

ಎಲ್ಲಿ ಬಳಿಯಬಾರದು ಎಂಬ ವಿವೇಕವೂ ಅಷ್ಟೇ ಮುಖ್ಯ. ಸ್ಮಾರಕಗಳ ಕಂಬಕ್ಕೆ ಸುಣ್ಣ ಬಳಿದು, ಕೆತ್ತನೆಯ ಕಣ್ಣು ಮೂಗುಗಳೆಲ್ಲ ಮುಚ್ಚಿಹೋದ ಮೇಲೆ ಪುರಾತತ್ತ್ವ ಇಲಾಖೆಯವರು ಪದರ ಪದರವಾಗಿ ಅದನ್ನು ತೆಗೆಯಬೇಕಾದ ಕಷ್ಟ ನಾಡಿನ ಹಲವು ಗುಡಿಗಳ ಕಥೆ. ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದರೆ 2010ರ ತಿದ್ದುಪಡಿಯ ಬಳಿಕ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಮನೆಯೊಳಗೂ ಇದೇ ನ್ಯಾಯ. ಸಾಗುವಾನಿಯ ಕೆತ್ತಿದ ಬಾಗಿಲು, ಹಿತ್ತಾಳೆಯ ಕೊಡ, ಕಲ್ಲಿನ ಒರಳುಗಳಿಗೆ ಅವುಗಳ ಮೈಯೇ ಅಲಂಕಾರ. ಸವೆತದಿಂದ ಬೆಲೆ ಕಳೆದುಕೊಂಡದ್ದಕ್ಕೆ ಬಣ್ಣ ಹಚ್ಚಬೇಕು. ಸವೆತದಿಂದಲೇ ಬೆಲೆ ಪಡೆದದ್ದನ್ನು ಹಾಗೆಯೇ ಬಿಡಬೇಕು.

ಮಾಡಬೇಕಾದ ಕೆಲಸಗಳು ದೊಡ್ಡವೇನಲ್ಲ. ನಿರುಪಯುಕ್ತವೆಂದು ಪ್ರಮಾಣೀಕರಿಸುವ ಮುನ್ನ, ದುರಸ್ತಿ ಮಾಡಿ ಬಣ್ಣ ಹಚ್ಚಿದರೆ ವಸ್ತು ಬಳಕೆಗೆ ಬರುವುದೇ ಎಂದು ಬರೆಯುವ ಒಂದು ಅಂಕಣವನ್ನು ಕಚೇರಿಗಳು ತಮ್ಮ ನಮೂನೆಯಲ್ಲಿ ಕಡ್ಡಾಯಗೊಳಿಸಲಿ. ಹರಾಜಿಗೆ ಮೊದಲು ಅಂಥ ಪೀಠೋಪಕರಣಗಳನ್ನು ಸಮೀಪದ ಅಂಗನವಾಡಿ, ಸರ್ಕಾರಿ ಶಾಲೆ, ಗ್ರಂಥಾಲಯಗಳಿಗೆ ಕೊಡುವ ಕ್ರಮ ರೂಢಿಯಾಗಲಿ. 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಯೂ ನೆರೆಯ ಕೊಪ್ಪಳ, ಬಳ್ಳಾರಿ ಜಿಲ್ಲೆಗಳೂ ಸೇರಿ ಈ ಕೆಲಸದ ಒಂದು ಪಾಲನ್ನು ಸ್ತ್ರೀಶಕ್ತಿ ಸಂಘಗಳಿಗೂ, ಚಿತ್ರ ಬರೆಯುವ ಪಾಲನ್ನು ತಕ್ಕ ಸಂಭಾವನೆಯೊಡನೆ ಕಿನ್ನಾಳದ ಕಲಾವಿದರಿಗೂ ವಹಿಸಿದರೆ, ಉಳಿತಾಯ ಮತ್ತು ಉದ್ಯೋಗ ಎರಡೂ ಒಂದೇ ಡಬ್ಬಿಯಿಂದ ಹೊರಬರುತ್ತವೆ. ಮನೆಗಳ ಮಟ್ಟಿಗೆ ಹೇಳುವುದಾದರೆ, ತುಕ್ಕನ್ನು ಪೂರ್ತಿ ಕೆರೆದು ಒರೆಸಿ, ಪ್ರೈಮರು ಬಳಿದು, ಅದು ಒಣಗಿದ ಮೇಲೆ ಎರಡು ತೆಳುವಾದ ಲೇಪ ಕೊಡುವ ತಾಳ್ಮೆಯಿದ್ದರೆ ಸಾಕು. ತುಕ್ಕಿನ ಮೇಲೆಯೇ ಬಳಿದ ಬಣ್ಣ ಮುಂದಿನ ಮಳೆಗಾಲವನ್ನೂ ಕಾಣದು.

ಕಾರಹುಣ್ಣಿಮೆಯ ದಿನ ನಮ್ಮ ಕಡೆಯ ರೈತರು ಎತ್ತಿನ ಮೈ ತೊಳೆದು ಕೋಡಿಗೆ ಬಣ್ಣ ಹಚ್ಚುತ್ತಾರೆ. ಅದರಿಂದ ಎತ್ತಿನ ಬಲವೇನೂ ಹೆಚ್ಚುವುದಿಲ್ಲ. ದುಡಿದ ಜೀವವನ್ನು ವರ್ಷಕ್ಕೊಮ್ಮೆಯಾದರೂ ಕಣ್ಣು ತುಂಬ ನೋಡುವ ರೀತಿ ಅದು. ನಮಗಾಗಿ ದುಡಿದ ಕುರ್ಚಿ, ಪೆಟ್ಟಿಗೆ, ಸೈಕಲ್ಲುಗಳಿಗೂ ಅಂಥದೊಂದು ದಿನ ಇದ್ದರೆ ಗುಜರಿಯ ಗಾಡಿ ನಮ್ಮ ಬೀದಿಗೆ ಬಂದಾಗ ಕೊಡಲು ಏನಿದೆ ಎಂದು ಹುಡುಕುವ ಮೊದಲು, ಕೊಡದೆ ಉಳಿಸಬಹುದಾದದ್ದು ಏನಿದೆ ಎಂದು ನಾವು ಹುಡುಕುತ್ತೇವೆ.