ಕಾಣದ ಓದುಗನಿಗಾಗಿ ಪುಟ ಕಟ್ಟುವ ವಿದ್ಯೆ

ಅಮೆರಿಕದ ವಾಯವ್ಯ ಭಾಗದ ಸಿಯಾಟಲ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ, ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಜಾಲಪುಟಗಳ ವಿನ್ಯಾಸವನ್ನೂ ರಚನೆಯನ್ನೂ ಓನಾಮದಿಂದ ಕಲಿಸುವ ಉದ್ದೇಶದಿಂದ ಒಂದು ಪಠ್ಯಕ್ರಮ ಸಿದ್ಧವಾಯಿತು. 'ವೆಬ್ ಡಿಸೈನ್ ಅಂಡ್ ಡೆವಲಪ್‌ಮೆಂಟ್' ಎಂಬ ಸಾಧಾರಣವಾದ ಹೆಸರಿನ ಈ ಪಠ್ಯಕ್ರಮವನ್ನು ಶಿಕ್ಷಕರಿಗೆ ಶುಲ್ಕವಿಲ್ಲದೆ ಒದಗಿಸಲಾಯಿತು. ಯಾವುದೋ ಒಂದು ಕಂಪೆನಿಯ ತಂತ್ರಾಂಶವನ್ನು ಕೊಂಡೇ ತೀರಬೇಕೆಂಬ ನಿರ್ಬಂಧವನ್ನೂ ಅದರಲ್ಲಿ ಇಡಲಿಲ್ಲ. ಈ ಎರಡು ಗುಣಗಳೇ ಸಾಲುವಷ್ಟು ಶ್ಲಾಘ್ಯವಾದುವು. ಆದರೆ ಅದರ ನಿಜವಾದ ವೈಶಿಷ್ಟ್ಯ ಅದು ಹುಟ್ಟಿದ ಪರಿಸರದಲ್ಲಿದೆ. ಅಂಗವೈಕಲ್ಯವುಳ್ಳ ವಿದ್ಯಾರ್ಥಿಗಳಿಗೆ ಉನ್ನತ ವಿದ್ಯಾಭ್ಯಾಸದ ಹಾಗೂ ಉದ್ಯೋಗದ ಬಾಗಿಲುಗಳು ತೆರೆಯಬೇಕೆಂಬ ಸಂಕಲ್ಪದಿಂದ ಶೆರಿಲ್ ಬರ್ಗ್‌ಸ್ಟಾಲರ್ ಎಂಬ ವಿದುಷಿಯು 1992ರಲ್ಲಿ ಅದೇ ವಿಶ್ವವಿದ್ಯಾನಿಲಯದಲ್ಲಿ 'ಡೂ-ಇಟ್' ಎಂಬ ಕೇಂದ್ರವನ್ನು ಸ್ಥಾಪಿಸಿದ್ದರು. ಗಣಕವೂ ಅಂತರಜಾಲವೂ ಯಾರನ್ನೂ ಹೊರಗಿಡದೆ ಸರ್ವರಿಗೂ ನಿಲುಕುವಂತಿರಬೇಕೆಂದು ದುಡಿಯುತ್ತಿದ್ದ ಜನರ ನಡುವೆ ಈ ಪಠ್ಯ ರೂಪುಗೊಂಡದ್ದರಿಂದ, ಆ ಕಾಳಜಿ ಅದರ ಕೊನೆಯ ಪುಟದ ಉಪದೇಶವಾಗಿ ಉಳಿಯದೆ ಮೊದಲನೆಯ ಪಾಠದಿಂದಲೇ ವಿಷಯದೊಳಗೆ ಬೆರೆತುಕೊಂಡಿತು.

ಜಾಲಪುಟವನ್ನು ಬರೆಯುವವನು ತನ್ನ ಓದುಗನನ್ನು ಎಂದೂ ಕಾಣುವುದಿಲ್ಲ. ಆ ಓದುಗ ದೊಡ್ಡ ಪರದೆಯ ಮುಂದೆ ಕುಳಿತವನಾಗಿರಬಹುದು, ಅಗ್ಗದ ಮೊಬೈಲನ್ನು ಬಿಸಿಲಿನಲ್ಲಿ ಹಿಡಿದು ನಿಂತವನಾಗಿರಬಹುದು, ಕಣ್ಣಿನ ಬದಲು ಕಿವಿಯಿಂದ ಓದುವವನಾಗಿರಬಹುದು, ಮೌಸನ್ನು ಹಿಡಿಯಲಾರದೆ ಕೀಲಿಮಣೆಯೊಂದನ್ನೇ ಆಶ್ರಯಿಸಿದವನಾಗಿರಬಹುದು. ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟು ಬರೆಯುವ ಅಭ್ಯಾಸ ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಕೈಗೂಡಿದರೆ ಅದು ಸ್ವಭಾವವಾಗುತ್ತದೆ. ತಡವಾಗಿ ಹೇಳಿಕೊಟ್ಟರೆ ಹೊರೆಯಾಗುತ್ತದೆ. ಈ ವಿದ್ಯೆಯನ್ನು ಶಾಲೆಯಲ್ಲಿ ಕಲಿಸುವುದಕ್ಕೆ ಇದಕ್ಕಿಂತ ಬಲವಾದ ಸಮರ್ಥನೆ ಬೇರೆ ಬೇಕಿಲ್ಲವೆಂದು ನನ್ನ ನಂಬಿಕೆ.

ಈ ನಂಬಿಕೆ ಜಾಲದ ಮೂಲಸ್ವಭಾವಕ್ಕೂ ಅನುಗುಣವಾದದ್ದೇ. ಜಿನೀವಾದ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1989ರಲ್ಲಿ ಮುಂದಿಟ್ಟ ಯೋಜನೆಯು ಬಗೆಬಗೆಯ ಗಣಕಗಳಲ್ಲಿ ಚದುರಿಹೋಗಿದ್ದ ವಿಷಯವನ್ನು ಯಾವ ಗಣಕದಿಂದಲಾದರೂ ಓದುವಂತೆ ಮಾಡುವ ಹಂಬಲದಿಂದ ಹುಟ್ಟಿತು. 1993ರ ಏಪ್ರಿಲ್ 30ರಂದು ಸರ್ನ್ ಆ ಯೋಜನೆಯಿಂದ ಬೆಳೆದ ಜಾಲದ ತಂತ್ರಾಂಶವನ್ನು ಸಾರ್ವಜನಿಕರ ಸೊತ್ತೆಂದು ಬಿಟ್ಟುಕೊಟ್ಟಿತು. ಅದರ ಮುಂದಿನ ವರ್ಷ ಡಬ್ಲ್ಯು3ಸಿ ಎಂಬ ಮಾನಕ ಸಂಸ್ಥೆ ಸ್ಥಾಪಿತವಾಯಿತು. ಪುಟಗಳು ಸರ್ವರಿಗೂ ನಿಲುಕಬೇಕಾದರೆ ಪಾಲಿಸತಕ್ಕ ಸೂತ್ರಗಳ ಮೊದಲ ಸಂಹಿತೆಯನ್ನು ಅದು 1999ರಲ್ಲಿ ಪ್ರಕಟಿಸಿತು. ಹೀಗೆ ಈ ವಿದ್ಯೆಗೆ ವ್ಯಾಕರಣವೂ ಇದೆ, ನೀತಿಯೂ ಇದೆ. ವಾಷಿಂಗ್ಟನ್ನಿನ ಪಠ್ಯಕ್ರಮ ಎರಡನ್ನೂ ಜೊತೆಜೊತೆಯಾಗಿ ಕಲಿಸುತ್ತದೆ.

ಪಠ್ಯವನ್ನು ಎಂಟು ಘಟಕಗಳಾಗಿ ವಿಭಾಗಿಸಲಾಗಿದೆ. ಪುಟದ ಯೋಜನೆ ಮತ್ತು ವಿನ್ಯಾಸ, ಎಚ್‌ಟಿಎಂಎಲ್‌ನಿಂದ ಪುಟದ ರಚನೆ, ಸಿಎಸ್‌ಎಸ್‌ನಿಂದ ಅದರ ರೂಪ, ಚಿತ್ರಗಳ ಬಳಕೆ, ಜಾವಾಸ್ಕ್ರಿಪ್ಟಿನ ಪರಿಚಯ, ಗುಣಪರೀಕ್ಷೆ, ತಾಣದ ನಿರ್ವಹಣೆ, ಕೊನೆಯಲ್ಲಿ ಒಬ್ಬ ನಿಜವಾದ ಗ್ರಾಹಕನಿಗಾಗಿ ಒಂದು ತಾಣದ ನಿರ್ಮಾಣ ಎಂಬುದು ಅದರ ಕ್ರಮ. ಈ ಕ್ರಮದಲ್ಲಿಯೇ ಒಂದು ಶಿಕ್ಷಣತತ್ತ್ವವಿದೆ. ವಿದ್ಯಾರ್ಥಿ ಮೊದಲ ಘಟಕದಲ್ಲಿ ಸಂಕೇತಗಳನ್ನು ಬರೆಯುವುದಕ್ಕೆ ಕೂರುವುದಿಲ್ಲ. ಇದ್ದ ತಾಣಗಳನ್ನು ತೆರೆದು, ಇದು ಯಾರಿಗಾಗಿ ಇದೆ, ಬೇಕಾದ ವಿಷಯ ಬೇಗ ದೊರೆಯುತ್ತದೆಯೆ, ಬಣ್ಣಗಳು ಅರ್ಥಕ್ಕೆ ನೆರವಾಗುತ್ತವೆಯೆ ಅಡ್ಡಿಯಾಗುತ್ತವೆಯೆ ಎಂದು ಪರೀಕ್ಷಿಸುತ್ತಾನೆ. ವಿಮರ್ಶೆಯ ದೃಷ್ಟಿ ಹುಟ್ಟಿದ ಮೇಲೆಯೇ ರಚನೆಯ ಕಸುಬು.

ಆ ಕಸುಬಿಗೆ ಬೇಕಾದ ಉಪಕರಣಗಳು ಎಷ್ಟು ಅಲ್ಪವೆಂಬುದನ್ನು ನಮ್ಮ ಶಾಲೆಗಳ ಹಿತಚಿಂತಕರು ಅವಶ್ಯವಾಗಿ ಗಮನಿಸಬೇಕು. ಹಳೆಯದೊಂದು ಕಂಪ್ಯೂಟರು, ಅದರಲ್ಲಿ ಸದಾ ಇರುವ ನೋಟ್‌ಪ್ಯಾಡಿನಂತಹ ಸರಳ ಬರವಣಿಗೆಯ ಸಾಧನ, ಒಂದು ಬ್ರೌಸರು: ಇಷ್ಟಿದ್ದರೆ ತರಗತಿ ನಡೆಯುತ್ತದೆ. ವಿದ್ಯಾರ್ಥಿ ಕಡತವನ್ನು ಬರೆದು, ಹೆಸರಿನ ಕೊನೆಗೆ ಎಚ್‌ಟಿಎಂಎಲ್ ಎಂದು ಸೇರಿಸಿ ಉಳಿಸಿ, ಬ್ರೌಸರಿನಲ್ಲಿ ತೆರೆದರೆ ಪುಟ ಕಣ್ಣೆದುರಿಗೆ ನಿಲ್ಲುತ್ತದೆ. ಇದಕ್ಕೆ ಅಂತರಜಾಲದ ಸಂಪರ್ಕವೂ ಬೇಕಿಲ್ಲ. ಸಂಪರ್ಕವಿದ್ದಲ್ಲಿ, ಲೋಕದ ಯಾವುದೇ ಪುಟದ ಮೂಲಬರಹವನ್ನು ಬ್ರೌಸರಿನಿಂದಲೇ ತೆಗೆದು ನೋಡಬಹುದು. ಬಲ್ಲವರ ಕೆಲಸದ ಒಳಗನ್ನು ಹೀಗೆ ನಿರಾತಂಕವಾಗಿ ತೆರೆದು ತೋರಿಸುವ ವಿದ್ಯೆಗಳು ವಿರಳ.

ಎಚ್‌ಟಿಎಂಎಲ್‌ನ ಪಾಠದಲ್ಲಿ ಹೊಸಬನು ಮೊದಲು ಎಡವುವುದು ಶೀರ್ಷಿಕೆಯಲ್ಲಿ. ಶೀರ್ಷಿಕೆ ದೊಡ್ಡದಾಗಿಯೂ ದಪ್ಪವಾಗಿಯೂ ಕಾಣಬೇಕೆಂದು ಅವನು ಅಕ್ಷರಗಳನ್ನು ಹಿಗ್ಗಿಸಿ ದಪ್ಪಗೊಳಿಸುತ್ತಾನೆ. ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಇದೆ. ಆದರೆ ಅದೇ ಪುಟವನ್ನು ದೃಷ್ಟಿಹೀನನಾದ ಓದುಗನು ಪರದೆಯನ್ನು ಓದಿ ಹೇಳುವ ತಂತ್ರಾಂಶದಿಂದ ಕೇಳುವಾಗ, ಅದು ಶೀರ್ಷಿಕೆಯೆಂದು ಆ ತಂತ್ರಾಂಶಕ್ಕೆ ತಿಳಿಯುವುದೇ ಇಲ್ಲ. ಒಂದರಿಂದ ಆರರವರೆಗಿನ ಮಟ್ಟದ ಶೀರ್ಷಿಕೆಯ ಟ್ಯಾಗುಗಳನ್ನು, ಎಂದರೆ ಪುಟದ ಭಾಗ ಯಾವುದೆಂದು ತಿಳಿಸುವ ಗುರುತುಗಳನ್ನು, ತಕ್ಕಂತೆ ಬಳಸಿದ್ದರೆ, ಮೈಕೆಲ್ ಕರ್ರನ್, ಜೇಮ್ಸ್ ಟೇ ಎಂಬ ಇಬ್ಬರು ದೃಷ್ಟಿಹೀನ ಆಸ್ಟ್ರೇಲಿಯನ್ ತರುಣರು ಬೆಳೆಸಿ ಉಚಿತವಾಗಿ ಹಂಚಿದ ಎನ್‌ವಿಡಿಎ ತಂತ್ರಾಂಶದಲ್ಲಿ, 'ಎಚ್' ಕೀಲಿಯನ್ನು ಒತ್ತುತ್ತ ಶೀರ್ಷಿಕೆಯಿಂದ ಶೀರ್ಷಿಕೆಗೆ ನೆಗೆದು ಬೇಕಾದ ಭಾಗವನ್ನು ಕ್ಷಣದಲ್ಲಿ ತಲುಪಬಹುದು. ಇಲ್ಲವಾದರೆ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಕೇಳುತ್ತ ಕೂರಬೇಕು. ಕೊಂಡಿಗಳಿಗೂ ಇದೇ ನ್ಯಾಯ. ಪುಟದಲ್ಲಿರುವ ಕೊಂಡಿಗಳನ್ನಷ್ಟೇ ಪಟ್ಟಿಮಾಡಿಸಿ ಕೇಳುವ ಓದುಗನಿಗೆ 'ಇಲ್ಲಿ ಒತ್ತಿ, ಇಲ್ಲಿ ಒತ್ತಿ' ಎಂಬ ಹತ್ತು ಸಾಲುಗಳಿಂದ ಏನೂ ತಿಳಿಯದು. 'ಪರೀಕ್ಷೆಯ ವೇಳಾಪಟ್ಟಿ' ಎಂದು ಬರೆದ ಒಂದೇ ಕೊಂಡಿಯಿಂದ ಎಲ್ಲವೂ ತಿಳಿಯುತ್ತದೆ. ಚಿತ್ರಕ್ಕೆ ಬದಲಿಯಾಗಿ ಕೊಡತಕ್ಕ ವಿವರಣೆಯ ಜಾಗದಲ್ಲಿ 'ಚಿತ್ರ 1' ಎಂದು ಬರೆದರೆ ವಿದ್ಯಾರ್ಥಿ ಬರೆದದ್ದು ಶೂನ್ಯ. 'ವಿಜಯಪುರದ ಗೋಳಗುಮ್ಮಟ, ನಾಲ್ಕು ಮೂಲೆಯ ಗೋಪುರಗಳ ನಡುವೆ ಎದ್ದ ಒಂದೇ ದೊಡ್ಡ ಗುಮ್ಮಟ' ಎಂದು ಬರೆದರೆ ಅವನು ಭಾಷೆಯನ್ನೂ ಕಲಿತಂತಾಯಿತು.

ರಚನೆಯಾದ ಮೇಲೆ ರೂಪ. ಪುಟದ ಅರ್ಥವನ್ನು ಎಚ್‌ಟಿಎಂಎಲ್ ಹೊರಬೇಕು, ಅಲಂಕಾರವನ್ನು ಪ್ರತ್ಯೇಕವಾದ ಶೈಲಿಪತ್ರ ಹೊರಬೇಕು ಎಂಬ ವಿಭಜನೆಯನ್ನು 1994ರಲ್ಲಿ ಹೋಕನ್ ವಿಯುಮ್ ಲೀ ಎಂಬ ನಾರ್ವೆಯ ತಂತ್ರಜ್ಞನು ಸೂಚಿಸಿದನು. 1996ರ ಡಿಸೆಂಬರಿನಲ್ಲಿ ಅದು ಸಿಎಸ್‌ಎಸ್ ಎಂಬ ಮಾನಕವಾಯಿತು. ತೇರಿನ ಮರದ ಕಟ್ಟು ಭದ್ರವಾಗಿ ನಿಂತ ಮೇಲೆ ಬಣ್ಣದ ಬಟ್ಟೆಯನ್ನೂ ಹೂವಿನ ಹಾರಗಳನ್ನೂ ವರ್ಷಕ್ಕೊಂದು ಬಗೆಯಲ್ಲಿ ಬದಲಾಯಿಸುವಂತೆ, ಒಂದೇ ಪುಟಕ್ಕೆ ಶೈಲಿಪತ್ರವನ್ನು ಬದಲಿಸಿ ಹತ್ತು ರೂಪಗಳನ್ನು ಕೊಡಬಹುದು. ಹುಡುಗರ ಉತ್ಸಾಹ ಉಕ್ಕುವುದು ಈ ಘಟಕದಲ್ಲಿಯೇ, ಸಂಯಮವನ್ನು ಕಲಿಸಬೇಕಾದದ್ದೂ ಇಲ್ಲಿಯೇ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಇರುವ ಕಾಂತಿಯ ಅನುಪಾತ ಕನಿಷ್ಠ 4.5ಕ್ಕೆ 1 ಇರಬೇಕೆಂಬುದು ಅಂತರರಾಷ್ಟ್ರೀಯ ಸೂತ್ರ. ಬಿಳಿಯ ಮೇಲೆ ಕರಿಯ ಅಕ್ಷರಕ್ಕೆ ಅದು 21ಕ್ಕೆ 1. ಬಣ್ಣಗಳನ್ನು ಸೂಚಿಸುವ ಆರಂಕಿಯ ಸಂಕೇತದಲ್ಲಿ 777777 ಎಂಬ ಬೂದುಬಣ್ಣವನ್ನು ಬಿಳಿಯ ಮೇಲೆ ಇಟ್ಟರೆ ಅನುಪಾತ 4.48 ಬಂದು ಪುಟ ಅನುತ್ತೀರ್ಣವಾಗುತ್ತದೆ. ಒಂದೇ ಮೆಟ್ಟಿಲು ಗಾಢವಾದ 767676ಕ್ಕೆ 4.54 ಬಂದು ಉತ್ತೀರ್ಣವಾಗುತ್ತದೆ. ಎರಡು ಬೂದುಗಳ ಭೇದ ಕಣ್ಣಿಗೆ ಕಾಣದು. ಆದುದರಿಂದ ಅಳೆಯಬೇಕು, 'ನನಗೆ ಕಾಣುತ್ತದೆ' ಎಂಬುದು ಪ್ರಮಾಣವಲ್ಲವೆಂಬ ವಿವೇಕವನ್ನು ಈ ಪುಟ್ಟ ಪ್ರಯೋಗ ಮನದಟ್ಟುಮಾಡಿಕೊಡುತ್ತದೆ.

ಗುಣಪರೀಕ್ಷೆಗಾಗಿಯೇ ಒಂದು ಘಟಕವನ್ನು ಮೀಸಲಿಟ್ಟಿರುವುದು ಈ ಪಠ್ಯದ ಮತ್ತೊಂದು ಹಿರಿಮೆ. ಬ್ರೌಸರು ಉದಾರಿ, ಮುಚ್ಚದೆ ಬಿಟ್ಟ ಟ್ಯಾಗನ್ನು ತಾನೇ ಊಹಿಸಿಕೊಂಡು ಪುಟವನ್ನು ಹೇಗೋ ತೋರಿಸಿಬಿಡುತ್ತದೆ. ಡಬ್ಲ್ಯು3ಸಿ ಸಂಸ್ಥೆಯ ಉಚಿತ ಪರೀಕ್ಷಕವು ಅಷ್ಟು ಉದಾರಿಯಲ್ಲ. ತಪ್ಪಿದ ಸಾಲಿನ ಸಂಖ್ಯೆಯೊಡನೆ ತಪ್ಪನ್ನು ಎತ್ತಿ ತೋರಿಸುತ್ತದೆ. ಒಂದು ಟ್ಯಾಗು ಮುಚ್ಚದಿದ್ದುದರಿಂದ ಹಲವು ದೋಷಗಳ ಪಟ್ಟಿ ಬಂದಾಗ, ಮೊದಲನೆಯದನ್ನು ತಿದ್ದಿದ ಕೂಡಲೆ ಉಳಿದವು ತಾವಾಗಿ ಮಾಯವಾಗುವುದುಂಟು; ಕಾರ್ಯವನ್ನು ಬಿಟ್ಟು ಕಾರಣವನ್ನು ಹುಡುಕುವ ಶಿಸ್ತು ವಿದ್ಯಾರ್ಥಿಗೆ ಹೀಗೆ ಸಿದ್ಧಿಸುತ್ತದೆ. ಮೌಸನ್ನು ಬದಿಗೆ ಸರಿಸಿ ಟ್ಯಾಬ್ ಕೀಲಿಯೊಂದರಿಂದಲೇ ಪುಟದಲ್ಲೆಲ್ಲ ಸಂಚರಿಸಿ ನೋಡುವುದಂತೂ ಯಾವ ಖರ್ಚೂ ಇಲ್ಲದ ಪರೀಕ್ಷೆ. ಇವೆಲ್ಲವನ್ನೂ ದಾಟಿದ ಮೇಲೆ ಕೊನೆಯ ಘಟಕದಲ್ಲಿ ಗ್ರಾಹಕನೊಬ್ಬನ ಬೇಕುಬೇಡಗಳನ್ನು ಕೇಳಿ, ಕೆಲಸವನ್ನು ಹಂಚಿಕೊಂಡು ತಂಡವಾಗಿ ತಾಣವೊಂದನ್ನು ಕಟ್ಟುವಾಗ, ತನ್ನ ಅಭಿರುಚಿಗಿಂತ ಬಳಸುವವರ ಪ್ರಯೋಜನ ದೊಡ್ಡದೆಂಬುದು ಅನುಭವದಿಂದ ತಿಳಿಯುತ್ತದೆ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಸಿಬಿಎಸ್‌ಇಯ ಹತ್ತನೆಯ ತರಗತಿಯ ಕಂಪ್ಯೂಟರ್ ಅಪ್ಲಿಕೇಷನ್ಸ್ ವಿಷಯದಲ್ಲಿ ಎಚ್‌ಟಿಎಂಎಲ್‌ಗೆ ಸ್ಥಾನವಿದೆ. ಕರ್ನಾಟಕದ ದ್ವಿತೀಯ ಪಿಯುಸಿಯ ಗಣಕವಿಜ್ಞಾನದಲ್ಲಿ ಜಾಲವಿನ್ಯಾಸದ ಅಧ್ಯಾಯವೊಂದು ಬಹುಕಾಲ ಇದ್ದು, ಓದಿನ ವೇಳಾಪಟ್ಟಿಯನ್ನು ಕೋಷ್ಟಕವಾಗಿ ರಚಿಸುವುದು ಅದರ ಪ್ರಯೋಗಗಳಲ್ಲಿ ಒಂದಾಗಿತ್ತು. ಈ ಒಂದು ಪ್ರಯೋಗವನ್ನೇ ತೆಗೆದುಕೊಳ್ಳಿ. ದಿನಗಳ ಹೆಸರನ್ನೂ ಅವಧಿಗಳ ಸಂಖ್ಯೆಯನ್ನೂ ಸಾಮಾನ್ಯ ಕೋಣೆಗಳಲ್ಲಿ ತುಂಬಿದರೆ, ಕೇಳುವವನಿಗೆ 'ಗಣಿತ, ಕನ್ನಡ, ವಿಜ್ಞಾನ' ಎಂಬ ಸರಮಾಲೆಯಷ್ಟೇ ಕಿವಿಗೆ ಬೀಳುತ್ತದೆ. ಅವನ್ನೇ ಶೀರ್ಷಿಕೆಯ ಕೋಣೆಗಳೆಂದು ಗುರುತಿಸಿದರೆ, ಕೋಷ್ಟಕದಲ್ಲಿ ಚಲಿಸುವಾಗ ತಂತ್ರಾಂಶವು ಅದು ಸೋಮವಾರದ ಮೂರನೆಯ ಅವಧಿಯೆಂಬುದನ್ನೂ ಸೇರಿಸಿ ಹೇಳಬಲ್ಲದು. ವಿದ್ಯಾರ್ಥಿಗೆ ಹೆಚ್ಚಾದ ಶ್ರಮ ಕೆಲವು ಅಕ್ಷರಗಳದ್ದು ಮಾತ್ರ.

ಕನ್ನಡದ ಪುಟವನ್ನು ಕಟ್ಟುವವನಿಗೆ ಇನ್ನೂ ಕೆಲವು ಪಾಠಗಳು ಅವಶ್ಯ. ಪುಟದ ಆರಂಭದಲ್ಲಿಯೇ ಅದರ ಭಾಷೆ ಕನ್ನಡವೆಂದು 'ಕೆಎನ್' ಎಂಬ ಎರಡಕ್ಷರದ ಸಂಕೇತದಿಂದ ಸೂಚಿಸಬೇಕು. ಇದನ್ನು ನೋಡಿಯೇ ಓದುವ ತಂತ್ರಾಂಶವು ಕನ್ನಡದ ದನಿಯನ್ನು ಆರಿಸಿಕೊಳ್ಳಬಲ್ಲದು. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟ ಯೂನಿಕೋಡಿನಲ್ಲಿಯೇ ಬರೆಯಬೇಕು; ಇಂಗ್ಲಿಷಿನ ಸಂಕೇತಗಳಿಗೆ ಕನ್ನಡದ ರೂಪಗಳನ್ನು ತೊಡಿಸಿದ ಹಳೆಯ ಫಾಂಟುಗಳಲ್ಲಿ ಬರೆದದ್ದು ಆ ಫಾಂಟಿಲ್ಲದ ಗಣಕದಲ್ಲಿ ಅರ್ಥಹೀನ ಚಿಹ್ನೆಗಳ ರಾಶಿಯಾಗುತ್ತದೆ, ಹುಡುಕಿದರೆ ಸಿಕ್ಕುವುದಿಲ್ಲ, ಕಿವಿಗಂತೂ ದಕ್ಕುವುದೇ ಇಲ್ಲ. ಸಾಲುಗಳ ನಡುವಣ ಅಂತರವನ್ನು ಇಂಗ್ಲಿಷಿನ ಅಳತೆಯಲ್ಲಿಯೇ ಬಿಟ್ಟರೆ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳನ್ನು ತಾಗುತ್ತವೆ. ಶೈಲಿಪತ್ರದಲ್ಲಿ ಒಂದು ಸಂಖ್ಯೆಯನ್ನು ಏರಿಸಿದರೆ ನಮ್ಮ ಲಿಪಿಯ ಸೌಷ್ಠವ ತಾನಾಗಿ ಅರಳುತ್ತದೆ. ಇವನ್ನು ಕನ್ನಡದ ಶಿಕ್ಷಕನಲ್ಲದೆ ಸಿಯಾಟಲಿನ ಪಠ್ಯ ಕಲಿಸಲಾರದು.

ಎಲೆಕ್ಟ್ರಾನಿಕ್ ಮಾಧ್ಯಮದ ವಿಷಯ ಅಂಗವೈಕಲ್ಯವುಳ್ಳವರಿಗೂ ನಿಲುಕುವಂತಿರಬೇಕೆಂದು ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ವಿಧಿಸಿದೆ. ಶಾಸನ ವಿಧಿಸಬಹುದು, ಆದರೆ ಅದನ್ನು ನಡೆಸಿಕೊಡುವ ಕೈಗಳು ಶಾಲೆಯಲ್ಲಿ ಪಳಗಬೇಕು. ಇದಕ್ಕೆ ಹೊಸ ಹಣವಾಗಲಿ ಹೊಸ ಯಂತ್ರವಾಗಲಿ ಬೇಕಿಲ್ಲ, ಅಂಕಗಳ ಹಂಚಿಕೆಯಲ್ಲಿ ಸ್ವಲ್ಪ ಬದಲಾವಣೆ ಸಾಕು: ಪುಟ ಕಣ್ಣಿಗೆ ಚೆಂದವಾಗಿದೆಯೆಂದು ಕೊಡುವ ಅಂಕಗಳಲ್ಲಿ ಅರ್ಧವನ್ನು, ಅದನ್ನು ಕಣ್ಣುಮುಚ್ಚಿ ಕೇಳಿದಾಗ ಅರ್ಥವಾಯಿತೇ, ಮೌಸಿಲ್ಲದೆ ಬಳಸಿದಾಗ ಕೆಲಸ ನಡೆಯಿತೇ ಎಂಬ ಎರಡು ಪ್ರಶ್ನೆಗಳಿಗೆ ಮೀಸಲಿಡಲಿ. ವರ್ಷದ ಕೊನೆಗೆ ಊರಿನ ಗ್ರಂಥಾಲಯಕ್ಕೋ ಹಾಲು ಉತ್ಪಾದಕರ ಸಂಘಕ್ಕೋ ಆರೋಗ್ಯಕೇಂದ್ರಕ್ಕೋ ಒಂದು ತಾಣವನ್ನು ಮಕ್ಕಳ ತಂಡವೇ ಕಟ್ಟಿಕೊಡಲಿ. ಹೀಗೆ ಕಲಿತವರಲ್ಲಿ ಕೆಲವರು ಮಾತ್ರ ಈ ಕಸುಬನ್ನು ಜೀವನೋಪಾಯವಾಗಿ ಹಿಡಿಯಬಹುದು. ಆದರೆ ಮುಂದೆ ಕಚೇರಿಯ ಪತ್ರವನ್ನು ಬರೆಯುವಾಗಲೂ ಅರ್ಜಿಯ ನಮೂನೆಯನ್ನು ಸಿದ್ಧಪಡಿಸುವಾಗಲೂ, ಇದನ್ನು ಓದುವವರು ಯಾರು, ಅವರಿಗೆ ಇದು ದಕ್ಕುವುದೇ ಎಂದು ಮೊದಲು ಕೇಳಿಕೊಳ್ಳುವ ಅಭ್ಯಾಸ ಅವರೆಲ್ಲರಲ್ಲಿಯೂ ಉಳಿದಿರುತ್ತದೆ.